ಧರ್ಮವೆಂದರೇನು? ಮಾನವಶಾಸ್ತ್ರಜ್ಞರ ವ್ಯಾಖ್ಯೆಗಳು – ಒಂದು ಪರಿಚಯ

ಮಕ್ಕಳನ್ನು ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಯಲ್ಲಿ ‘ರಿಲಿಜನ್’ ಎಂಬ ಒಂದು ಸಾಲು ಇರುತ್ತದೆ. ನಾವೆಲ್ಲರೂ ಅದನ್ನು ಅರೆಕ್ಷಣದಲ್ಲಿ ತುಂಬಿ ಮುಂದಿನ ಸಾಲಿಗೆ ಹೋಗುತ್ತೇವೆ. ಆದರೆ ಆ ಪದಕ್ಕೆ ಕನ್ನಡದಲ್ಲಿ ಸರಿಸಮನಾದ ಪದ ಯಾವುದೆಂದು ಕೇಳಿದರೆ ಉತ್ತರ ಸುಲಭವಲ್ಲ. ‘ಧರ್ಮ’ವೆನ್ನೋಣವೆಂದರೆ, ಭಿಕ್ಷುಕನಿಗೆ ಹಾಕುವ ಕಾಸೂ ಧರ್ಮ, ಅರಸನ ಕರ್ತವ್ಯವೂ ಧರ್ಮ, ಸುಡುವುದು ಬೆಂಕಿಯ ಧರ್ಮ. ‘ಮತ’ವೆನ್ನೋಣವೆಂದರೆ, ಅದು ಅಭಿಪ್ರಾಯವೂ ಹೌದು, ಚುನಾವಣೆಯಲ್ಲಿ ನಾವು ಚಲಾಯಿಸುವುದೂ ಮತವೇ. ಊರಿನ ಹಿರಿಯರನ್ನು ಕೇಳಿದರೆ ಈ ಎರಡು ಪದಗಳನ್ನೂ ಬಿಟ್ಟು ‘ನಮ್ಮಲ್ಲಿ ನಡೆದು ಬಂದ ಕಟ್ಟುಕಟ್ಟಳೆ’ ಎಂದಾರು.

ಮಾನವಶಾಸ್ತ್ರವು ಕಳೆದ ನೂರೈವತ್ತು ವರ್ಷಗಳಿಂದ ಇದೇ ತೊಡಕನ್ನು ಎದುರಿಸುತ್ತ ಬಂದಿದೆ. ದೇವರು ಇದ್ದಾನೆಯೇ, ಯಾವ ಮತ ಶ್ರೇಷ್ಠ ಎಂಬ ಪ್ರಶ್ನೆಗಳನ್ನು ಈ ಶಾಸ್ತ್ರ ಎತ್ತುವುದಿಲ್ಲ. ಅವು ತತ್ತ್ವಜ್ಞಾನಿಗಳಿಗೂ ಆಚಾರ್ಯರಿಗೂ ಸೇರಿದವು. ದೈವ, ಪಿತೃ, ಪುಣ್ಯ, ಮೈಲಿಗೆ ಮುಂತಾದವುಗಳ ಹೆಸರಿನಲ್ಲಿ ಮನುಷ್ಯರು ಏನು ಮಾಡುತ್ತಾರೆ, ಯಾರೊಡನೆ ಕೂಡಿ ಮಾಡುತ್ತಾರೆ, ಅದರಿಂದ ಅವರ ಬಾಳಿನಲ್ಲಿ ಏನು ಸಂಭವಿಸುತ್ತದೆ ಎಂಬುದು ಅದರ ವಿಷಯ. ಇಲ್ಲಿ ಮುಖ್ಯವಾದ ಕೆಲವು ವ್ಯಾಖ್ಯೆಗಳನ್ನು ಪರಿಚಯಿಸುತ್ತಲೇ ನಾವು ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ಯಾವ ವ್ಯಾಖ್ಯೆಯನ್ನು ಕೈಗೆತ್ತಿಕೊಳ್ಳುತ್ತೇವೆಯೋ ಅದಕ್ಕೆ ತಕ್ಕಂತೆ ಕೆಲವರ ಆಚರಣೆ ‘ಧರ್ಮ’ವೆನಿಸಿಕೊಳ್ಳುತ್ತದೆ, ಇನ್ನು ಕೆಲವರದು ‘ಮೂಢನಂಬಿಕೆ’ಯೆಂದು ಬದಿಗೆ ಸರಿಸಲ್ಪಡುತ್ತದೆ. ಪಂಡಿತರ ಗ್ರಂಥದಲ್ಲಿ ಹುಟ್ಟಿದ ಪದಗಳು ನ್ಯಾಯಾಲಯಕ್ಕೂ ಜನಗಣತಿಯ ನಮೂನೆಗೂ ನಡೆದುಬಂದಿವೆ.

ನಂಬಿಕೆಯಿಂದ ಆರಂಭ

ಈ ಕ್ಷೇತ್ರದ ಮೊದಲ ಪ್ರಸಿದ್ಧ ವ್ಯಾಖ್ಯೆ ಇಂಗ್ಲೆಂಡಿನ ಎಡ್ವರ್ಡ್ ಬರ್ನೆಟ್ ಟೈಲರ್ ಅವರದು. 1871ರಲ್ಲಿ ಪ್ರಕಟವಾದ ‘ಪ್ರಿಮಿಟಿವ್ ಕಲ್ಚರ್’ ಎಂಬ ಗ್ರಂಥದಲ್ಲಿ ಅವರು, ಅಗೋಚರ ಚೇತನಗಳು ಇವೆ ಎಂಬ ನಂಬಿಕೆಯೇ ಧರ್ಮದ ಕನಿಷ್ಠ ಲಕ್ಷಣವೆಂದರು. ಕನಸಿನಲ್ಲಿ ಸತ್ತವರು ಕಾಣಿಸಿಕೊಳ್ಳುತ್ತಾರೆ. ನಿದ್ದೆಯಲ್ಲಿ ದೇಹ ಇಲ್ಲಿದ್ದರೂ ನಾವು ಬೇರೆಲ್ಲೋ ಸಂಚರಿಸಿ ಬರುತ್ತೇವೆ. ಸಾವಿನಲ್ಲಿ ದೇಹ ಉಳಿದು ಏನೋ ಒಂದು ಹೊರಟುಹೋಗುತ್ತದೆ. ಇವುಗಳನ್ನು ಕುರಿತು ಯೋಚಿಸಿದ ಆದಿಮಾನವನು ಆತ್ಮದ ಕಲ್ಪನೆಗೆ ಬಂದನು, ಬಳಿಕ ಅದನ್ನು ಮರ, ನದಿ, ಬೆಟ್ಟಗಳಿಗೂ ವಿಸ್ತರಿಸಿದನು ಎಂಬುದು ಟೈಲರ್ ಅವರ ವಾದ. ಇದಕ್ಕೆ ಅವರು ‘ಅನಿಮಿಸಂ’ ಎಂದು ಹೆಸರಿಟ್ಟರು. ಸರ್ವಚೇತನವಾದವೆಂದು ಕನ್ನಡಿಸಬಹುದು.

ಈ ವ್ಯಾಖ್ಯೆಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. ಕಾಡಿನ ಜನರಿಗೆ ಧರ್ಮವೇ ಇಲ್ಲವೆಂದು ಯುರೋಪಿನ ಪ್ರವಾಸಿಗಳೂ ಪಾದ್ರಿಗಳೂ ಬರೆಯುತ್ತಿದ್ದ ಕಾಲವದು. ಅವರಿಗೂ ಧರ್ಮವಿದೆ, ಅದರ ಹಿಂದೆ ಒಂದು ತರ್ಕವಿದೆ ಎಂದು ಟೈಲರ್ ಸಾಧಿಸಿದರು. ಆದರೆ ಆ ತರ್ಕವನ್ನು ಅವರು ತಪ್ಪು ತರ್ಕವೆಂದೇ ಬಗೆದರು. ಮಾನವಕುಲದ ಬಾಲ್ಯದ ಊಹೆಗಳು ವಿಜ್ಞಾನ ಬೆಳೆದಂತೆ ಕರಗುವುವೆಂದು ನಂಬಿದರು. ‘ದಿ ಗೋಲ್ಡನ್ ಬೋ’ ಖ್ಯಾತಿಯ ಜೇಮ್ಸ್ ಫ್ರೇಜರ್ 1890ರಿಂದಾಚೆಗೆ ಇದನ್ನೇ ಮಾಟ, ಧರ್ಮ, ವಿಜ್ಞಾನವೆಂಬ ಮೂರು ಮೆಟ್ಟಿಲುಗಳಾಗಿ ಜೋಡಿಸಿದರು. ಇಬ್ಬರೂ ಗ್ರಂಥಾಲಯದಲ್ಲಿ ಕುಳಿತು, ಪರರ ವರದಿಗಳನ್ನು ಆಧರಿಸಿ ಬರೆದವರು. ಮುಂದೆ ಆಕ್ಸ್‌ಫರ್ಡಿನ ಇವಾನ್ಸ್ ಪ್ರಿಚರ್ಡ್ 1965ರ ತಮ್ಮ ಗ್ರಂಥದಲ್ಲಿ ಈ ಪದ್ಧತಿಯನ್ನು ಹಾಸ್ಯ ಮಾಡುತ್ತ, ಇದು ‘ನಾನೇ ಕುದುರೆಯಾಗಿದ್ದರೆ ಏನು ಯೋಚಿಸುತ್ತಿದ್ದೆ’ ಎಂದು ಊಹಿಸುವವನ ಕ್ರಮವೆಂದರು.

ನಂಬಿಕೆಯನ್ನೇ ಕೇಂದ್ರವಾಗಿಟ್ಟರೆ ಏನು ಕೈತಪ್ಪುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆಯಿದೆ. ಎ. ಸಿ. ಬರ್ನೆಲ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿದ ತುಳುನಾಡಿನ ಭೂತಾರಾಧನೆಯ ಪಾಡ್ದನಗಳು ಹಾಗೂ ವಿವರಗಳು ಅವರ ಮರಣಾನಂತರ, 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾದವು. ಸಂಗ್ರಹ ಅಮೂಲ್ಯವಾದುದು, ತಲೆಬರಹ ಮಾತ್ರ ‘ತುಳುವರ ಪಿಶಾಚಪೂಜೆ’ ಎಂಬರ್ಥದ್ದು. ಅಗೋಚರ ಚೇತನವೊಂದರಲ್ಲಿ ನಂಬಿಕೆ ಇದೆಯೆಂದು ಹೇಳಿ ಅದಕ್ಕೆ ‘ಪಿಶಾಚಿ’ ಎಂಬ ಚೀಟಿ ಅಂಟಿಸಿದರೆ ಕಥೆ ಮುಗಿಯಿತೆಂದು ಆ ಕಾಲದ ವಿದ್ವತ್ತು ತಿಳಿದಿತ್ತು. ಮುಂಬಯಿಯಿಂದ ರಜೆ ಹಾಕಿ ಊರಿನ ನೇಮಕ್ಕೆ ಹೋಗಿ ಬರುವ ನಮ್ಮ ಓದುಗರಿಗೆ ಕಥೆ ಅಲ್ಲಿಂದಲೇ ಆರಂಭವಾಗುತ್ತದೆಂದು ಗೊತ್ತು. ಯಾವ ಗುತ್ತಿನವರು ಎಲ್ಲಿ ನಿಲ್ಲಬೇಕು, ಯಾರಿಗೆ ಮೊದಲ ಗಂಧಪ್ರಸಾದ, ದೈವವು ಯಾರನ್ನು ಯಾವ ಹೆಸರಿನಿಂದ ಕರೆಯುತ್ತದೆ, ಯಾವ ಸಮುದಾಯದವರು ವೇಷ ಧರಿಸುತ್ತಾರೆ, ಜಾಗದ ತಕರಾರಿಗೆ ದೈವ ಯಾವ ನುಡಿ ಕೊಡುತ್ತದೆ ಎಂಬುದೆಲ್ಲ ಸೇರಿಯೇ ಅದು ಆರಾಧನೆ. ಜಪಾನಿನ ಮಾನವಶಾಸ್ತ್ರಜ್ಞೆ ಮಿಹೊ ಇಶಿಯಿ ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ನಡೆಸಿ 2019ರಲ್ಲಿ ಪ್ರಕಟಿಸಿದ ಗ್ರಂಥವು ದೈವ, ಭೂಮಿ, ಕಾಡು ಮತ್ತು ಮನೆತನಗಳ ನಡುವಣ ಈ ನಂಟನ್ನೇ ಹಿಡಿದು ಹೊರಟಿದೆ. ಭೂಸುಧಾರಣೆಯ ಬಳಿಕ, ಕೈಗಾರಿಕಾ ವಲಯಕ್ಕಾಗಿ ಭೂಸ್ವಾಧೀನವಾದ ಬಳಿಕ ಆ ನಂಟು ಏನಾಯಿತೆಂಬುದು ಅದರ ಪ್ರಶ್ನೆಗಳಲ್ಲಿ ಒಂದು.

ಸಮಾಜ ಮತ್ತು ಪವಿತ್ರ

ಎರಡನೆಯ ದೊಡ್ಡ ವ್ಯಾಖ್ಯೆ ಫ್ರಾನ್ಸಿನ ಎಮಿಲ್ ಡರ್ಖೈಮ್ ಅವರದು. ಅವರು ಎತ್ತಿದ ಆಕ್ಷೇಪ ಸರಳವಾದುದು: ಧರ್ಮವೆಂದರೆ ದೇವರಲ್ಲಿ ನಂಬಿಕೆಯೆಂದಾದರೆ ಬೌದ್ಧಧರ್ಮವನ್ನು ಎಲ್ಲಿ ಸೇರಿಸುವುದು? 1912ರ ತಮ್ಮ ಗ್ರಂಥದಲ್ಲಿ ಅವರು ದೇವರನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟರು. ಎಲ್ಲ ಸಮಾಜಗಳೂ ಕೆಲವು ವಸ್ತುಗಳನ್ನು ಪವಿತ್ರವೆಂದು ಬೇರ್ಪಡಿಸಿ ನಿಷೇಧಗಳ ಬೇಲಿ ಕಟ್ಟುತ್ತವೆ, ಆ ಪವಿತ್ರ ವಸ್ತುಗಳನ್ನು ಕುರಿತ ನಂಬಿಕೆ ಹಾಗೂ ಆಚರಣೆಗಳು ಜನರನ್ನು ಒಂದೇ ನೈತಿಕ ಸಮುದಾಯವಾಗಿ ಬೆಸೆಯುತ್ತವೆ, ಅದೇ ಧರ್ಮ. ಮಧ್ಯ ಆಸ್ಟ್ರೇಲಿಯದ ಅರುಂಟ ಜನರ ಕುಲಚಿಹ್ನೆಗಳನ್ನು ವಿಶ್ಲೇಷಿಸುತ್ತ ಅವರು, ಕುಲದವರು ಒಂದೆಡೆ ನೆರೆದು ಕುಣಿದಾಗ ಅನುಭವಿಸುವ ಆ ಅತೀತ ಶಕ್ತಿಯು ವಾಸ್ತವವಾಗಿ ಸಮಾಜದ್ದೇ ಶಕ್ತಿಯೆಂದರು. ಡರ್ಖೈಮ್ ಆಸ್ಟ್ರೇಲಿಯಕ್ಕೆ ಹೋದವರಲ್ಲ. ಪವಿತ್ರ ಮತ್ತು ಲೌಕಿಕಗಳ ನಡುವೆ ಅವರು ಎಳೆದಷ್ಟು ಗಟ್ಟಿಯಾದ ಗೆರೆ ಎಲ್ಲೆಡೆಯೂ ಇಲ್ಲವೆಂದು ಬಳಿಕದವರು ತೋರಿಸಿದ್ದಾರೆ. ಹೊಲದ ಕೆಲಸದ ನಡುವೆಯೇ ನೇಗಿಲಿಗೆ ಕೈಮುಗಿಯುವ ನಮ್ಮ ರೈತನನ್ನು ಆ ಗೆರೆಯ ಯಾವ ಕಡೆ ನಿಲ್ಲಿಸುವುದು?

ಕುರ್ಚಿ ಬಿಟ್ಟು ಊರಿಗೆ ಹೋಗಿ ನೆಲಸಿದವರ ಸಾಲಿನಲ್ಲಿ ಬ್ರಾನಿಸ್ಲಾ ಮಲಿನೋವ್‌ಸ್ಕಿ ಪ್ರಮುಖರು. 1915ರಿಂದ 1918ರ ನಡುವೆ ಅವರು ಇಂದಿನ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದರು. ಅಲ್ಲಿನವರು ಒಳಗಡಲಿನ ಶಾಂತ ನೀರಿನಲ್ಲಿ ಮೀನು ಹಿಡಿಯಲು ಯಾವ ಮಂತ್ರವನ್ನೂ ಹೇಳುತ್ತಿರಲಿಲ್ಲ. ಅಪಾಯವೂ ಅನಿಶ್ಚಯವೂ ತುಂಬಿದ ತೆರೆದ ಕಡಲಿಗೆ ಹೊರಟಾಗ ಮಾತ್ರ ದೀರ್ಘವಾದ ಮಾಂತ್ರಿಕ ವಿಧಿಗಳು ನಡೆಯುತ್ತಿದ್ದವು. ಕುಶಲತೆ ಮುಗಿಯುವಲ್ಲಿ ವಿಧಿ ಆರಂಭವಾಗುತ್ತದೆಂದು ಅವರು ತೀರ್ಮಾನಿಸಿದರು. ಕಡಲನ್ನು ಬಲ್ಲ ಮನೆಗಳವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇವಾನ್ಸ್ ಪ್ರಿಚರ್ಡ್ ಅವರ 1937ರ ಅಜಾಂದೆ ಅಧ್ಯಯನ ಇದಕ್ಕಿಂತ ಸೂಕ್ಷ್ಮವಾದುದೆಂದು ನಮ್ಮ ಅಭಿಪ್ರಾಯ. ಇಂದಿನ ದಕ್ಷಿಣ ಸೂಡಾನ್ ಭಾಗದ ಅಜಾಂದೆ ಜನರು ಬಿಸಿಲ ಹೊತ್ತಿನಲ್ಲಿ ಕಂಬಗಳ ಮೇಲೆ ನಿಂತ ಕಣಜದ ನೆರಳಿನಲ್ಲಿ ಕೂರುತ್ತಾರೆ. ಒಮ್ಮೊಮ್ಮೆ ಕಣಜ ಕುಸಿದು ಜನ ಗಾಯಗೊಳ್ಳುತ್ತಾರೆ. ಗೆದ್ದಲು ಕಂಬವನ್ನು ತಿಂದಿತ್ತೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಇದೇ ಜನ ಕುಳಿತಿದ್ದಾಗ, ಇದೇ ಗಳಿಗೆಯಲ್ಲಿ ಅದು ಏಕೆ ಕುಸಿಯಬೇಕು? ಮಾಟವೆಂಬ ಉತ್ತರ ಈ ಎರಡನೆಯ ಪ್ರಶ್ನೆಗೆ ಸೇರಿದ್ದು. ವಿಜ್ಞಾನ ಬಲ್ಲ ನಮ್ಮ ಮನೆಗಳಲ್ಲೂ ಅಪಘಾತದ ಸುದ್ದಿ ಬಂದಾಗ ‘ನಮಗೇ ಏಕೆ’ ಎಂಬ ಉದ್ಗಾರ ಹೊರಡುತ್ತದೆ. ಅದಕ್ಕೆ ಬ್ರೇಕ್ ಕೆಟ್ಟಿತ್ತೆಂಬ ಉತ್ತರ ಸಾಲುವುದಿಲ್ಲ.

ಮುಂಬಯಿಯಿಂದ ಕೊಡಗಿಗೆ

ಭಾರತದಲ್ಲಿ ಧರ್ಮದ ಮಾನವಶಾಸ್ತ್ರೀಯ ಅಧ್ಯಯನಕ್ಕೆ ಗಟ್ಟಿ ಅಡಿಪಾಯ ಹಾಕಿದವರಲ್ಲಿ 1916ರಲ್ಲಿ ಮೈಸೂರಿನಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸ್ ಅಗ್ರಗಣ್ಯರು. ಅವರ ಸ್ನಾತಕೋತ್ತರ ಶಿಕ್ಷಣ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಜಿ. ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ನಡೆಯಿತೆಂಬುದು ಈ ಮಹಾನಗರದ ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ. ಘುರ್ಯೆ ಅವರ ವಿದ್ಯಾರ್ಥಿಯಾಗಿ ಕೊಡಗಿನಲ್ಲಿ ಕಲೆಹಾಕಿದ ಸಾಮಗ್ರಿಯನ್ನು ಹೊತ್ತು ಅವರು 1945ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಅಲ್ಲಿ ಮೊದಲು ರ‍್ಯಾಡ್‌ಕ್ಲಿಫ್ ಬ್ರೌನ್, ಬಳಿಕ ಇವಾನ್ಸ್ ಪ್ರಿಚರ್ಡ್ ಅವರ ಕೈಕೆಳಗೆ ಅದೇ ಸಾಮಗ್ರಿ ಹೊಸ ಅರ್ಥ ಪಡೆದು, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥವಾಗಿ 1952ರಲ್ಲಿ ಹೊರಬಂತು.

ಆ ಗ್ರಂಥದಲ್ಲಿ ಶ್ರೀನಿವಾಸ್ ಕೊಡವರು ಏನನ್ನು ನಂಬುತ್ತಾರೆ ಎಂಬ ಪಟ್ಟಿಯಿಂದ ಹೊರಡುವುದಿಲ್ಲ. ಅವರು ಹೊರಡುವುದು ‘ಒಕ್ಕ’ದಿಂದ, ಅಂದರೆ ಹುಟ್ಟಿನಿಂದ ಅಥವಾ ಮದುವೆಯಿಂದ ಮಾತ್ರ ಸದಸ್ಯತ್ವ ದೊರೆಯುವ ಪಿತೃವಂಶದ ಮನೆತನದಿಂದ. ಐನ್‌ಮನೆಯ ನಡುಕೋಣೆಯ ದೀಪ, ಕಾರಣವರೆನಿಸಿದ ಪೂರ್ವಜರ ಪೂಜೆ, ಹುತ್ತರಿಯಲ್ಲಿ ಕದಿರು ತೆಗೆಯುವ ಕ್ರಮ ಇವೆಲ್ಲವೂ ಒಕ್ಕವನ್ನು ಒಂದು ಜೀವವಾಗಿ ಹಿಡಿದಿಡುವ ಕಾರ್ಯಗಳೆಂದು ಅವರು ತೋರಿಸುತ್ತಾರೆ. ‘ಮಂಗಲ’ವೆಂಬ ವಿಧಿಯ ವಿವರ ಇನ್ನೂ ಸ್ವಾರಸ್ಯಕರ. ನಾವು ಮದುವೆಯೆಂದು ತಿಳಿಯುವ ಆ ವಿಧಿ ಕೊಡಗಿನಲ್ಲಿ ಮದುವೆಗಷ್ಟೇ ಮೀಸಲಾಗಿರಲಿಲ್ಲ. ಹುಲಿಯನ್ನು ಕೊಂದ ವೀರನಿಗೂ ‘ನರಿ ಮಂಗಲ’ ನಡೆಯುತ್ತಿತ್ತು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಒಂದೇ ವಿಧಿಯ ತುಣುಕುಗಳು ಬೇರೆ ಬೇರೆ ಸಂದರ್ಭಗಳಲ್ಲಿ ಮರಳಿ ಬರುತ್ತವೆ. ಅವುಗಳನ್ನು ಹೋಲಿಸಿದರೆ ಆಚರಣೆಗೂ ಭಾಷೆಗಿರುವಂತೆ ಒಂದು ನುಡಿಗಟ್ಟು ಇದೆಯೆಂದು ತಿಳಿಯುತ್ತದೆ. ಮೈಲಿಗೆ ಮತ್ತು ಮಡಿಗಳನ್ನು ಅವರು ಓದಿದ್ದು ಈ ನುಡಿಗಟ್ಟಿನ ಮುಖ್ಯ ಪದಗಳಾಗಿಯೇ. ಸೂತಕದ ಮನೆಯವನನ್ನು ಕೆಲವು ದಿನ ದೂರವಿಡುವ ಕ್ರಮವೂ ಜಾತಿಗಳ ನಡುವಣ ಅಂತರವೂ ಒಂದೇ ಪದಕೋಶದಿಂದ ಕಟ್ಟಲ್ಪಟ್ಟಿವೆ ಎಂಬ ಕಠೋರ ಸತ್ಯವೂ ಅಲ್ಲಿ ಹೊರಬೀಳುತ್ತದೆ.

‘ಸಂಸ್ಕೃತೀಕರಣ’ವೆಂಬ ಪ್ರಸಿದ್ಧ ಪರಿಕಲ್ಪನೆ ವಿದ್ವಲ್ಲೋಕಕ್ಕೆ ಪರಿಚಿತವಾದದ್ದೂ ಈ ಗ್ರಂಥದಿಂದಲೇ. ಇದರ ಮೇಲೆ ಬಂದ ಟೀಕೆಯೂ ನ್ಯಾಯವಾದುದೇ: ಎಲ್ಲವೂ ಮನೆತನದ ಒಗ್ಗಟ್ಟಿಗೆ ನೆರವಾಗುತ್ತದೆಂದು ಬರೆದಾಗ ಜಗಳ, ಒಡಕು, ಬಲವಂತಗಳು ಮರೆಯಾಗುತ್ತವೆ. ಶ್ರೀನಿವಾಸ್ ಅವರೇ ಮುಂದೆ, 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ನೆಲಸಿ, ಅದಕ್ಕೆ ‘ರಾಂಪುರ’ವೆಂದು ಹೆಸರಿಟ್ಟು ಬರೆದ ಗ್ರಂಥದಲ್ಲಿ ಹೆಚ್ಚು ಜೀವಂತವಾದ ಚಿತ್ರ ಕೊಟ್ಟರು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 1970ರಲ್ಲಿ ನಡೆದ ಅಗ್ನಿದುರಂತದಲ್ಲಿ ಟಿಪ್ಪಣಿಗಳು ಸುಟ್ಟುಹೋದದ್ದರಿಂದ ಬಹುಪಾಲು ನೆನಪಿನ ಬಲದಿಂದಲೇ ಬರೆದ ಆ ಕೃತಿ 1976ರಲ್ಲಿ ಪ್ರಕಟವಾಯಿತು. ಅಲ್ಲಿನ ರೈತರು ದೇವರಲ್ಲಿ ಹೂ ಕೇಳುತ್ತಾರೆ, ಕೇಳಿದ್ದು ದೊರೆಯದಿದ್ದರೆ ಮನೆಯ ಹಿರಿಯನೊಡನೆ ಮುನಿಸಿಕೊಂಡಂತೆ ಅವನೊಡನೆ ಮುನಿಸಿಕೊಳ್ಳುತ್ತಾರೆ. ನಂಬಿಕೆಯೆಂಬ ಒಂದು ಪದದಲ್ಲಿ ಈ ಸಲುಗೆಯನ್ನು ತುಂಬಿಡುವುದು ಸಾಧ್ಯವೇ?

ಮಹಾರಾಷ್ಟ್ರದ ನೆಲದಲ್ಲೇ ನಡೆದ ಇನ್ನೊಂದು ಅಧ್ಯಯನವನ್ನೂ ಇಲ್ಲಿ ಹೇಳಬೇಕು. ಘುರ್ಯೆ ಅವರ ಇನ್ನೊಬ್ಬ ಶಿಷ್ಯೆ, ಪುಣೆಯ ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆ ಪಂಢರಪುರದ ವಾರಿಯಲ್ಲಿ ಸ್ವತಃ ನಡೆದು ಬರೆದ ಪ್ರಬಂಧ 1962ರಲ್ಲಿ ಇಂಗ್ಲಿಷಿನಲ್ಲಿ ಬೆಳಕು ಕಂಡಿತು. ಯಾತ್ರೆಯಲ್ಲಿ ಮೇಲುಕೀಳುಗಳು ಕರಗಿ ಮನುಷ್ಯರು ಸಮಾನರಾಗಿ ಬೆರೆಯುತ್ತಾರೆಂದು ವಾದಿಸಿದ ವಿಕ್ಟರ್ ಟರ್ನರ್ ಈ ಬರಹವನ್ನೂ ಬಳಸಿಕೊಂಡರು. ಆದರೆ ಕರ್ವೆ ಅವರು ಕಂಡದ್ದು ಅಷ್ಟು ಸರಳವಾಗಿರಲಿಲ್ಲ. ಒಂದೇ ವಿಠ್ಠಲನ ಹೆಸರು ಹೇಳುತ್ತ ಒಂದೇ ದಾರಿಯಲ್ಲಿ ನಡೆಯುತ್ತಿದ್ದವರು ಊಟಕ್ಕೆ ಜಾತಿವಾರು ಬೇರೆಯಾಗುತ್ತಿದ್ದರು. ಆ ನೋವನ್ನು ಅವರು ಮುಚ್ಚಿಡಲಿಲ್ಲ. ಬೆಸೆಯುವುದೂ ಬೇರ್ಪಡಿಸುವುದೂ ಒಂದೇ ಯಾತ್ರೆಯೊಳಗಿದ್ದವು.

ಅರ್ಥದ ಜಾಲ, ಹರಿದ ಜಾಲ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದ ವ್ಯಾಖ್ಯೆ ಅಮೆರಿಕದ ಕ್ಲಿಫರ್ಡ್ ಗೀರ್ಟ್ಸ್ 1966ರಲ್ಲಿ ಮಂಡಿಸಿದ್ದು. ಅವರ ದೃಷ್ಟಿಯಲ್ಲಿ ಧರ್ಮವು ಸಂಕೇತಗಳ ಒಂದು ವ್ಯವಸ್ಥೆ. ಅದು ಜಗತ್ತು ಹೇಗಿದೆಯೆಂಬ ಚಿತ್ರವನ್ನು ಕೊಡುತ್ತದೆ. ಆ ಚಿತ್ರ ಕಲ್ಪನೆಯೆಂದು ತೋರದೆ ವಾಸ್ತವವೆಂದೇ ತೋರುವಂತೆ ಮಾಡುತ್ತದೆ. ಹಾಗಾಗಿ ಮನುಷ್ಯನ ಭಾವಗಳೂ ಪ್ರೇರಣೆಗಳೂ ಆಳವಾಗಿ ಬೇರೂರುತ್ತವೆ. ದುಃಖವನ್ನು ಇಲ್ಲವಾಗಿಸುವುದು ಧರ್ಮದ ಕೆಲಸವಲ್ಲ, ಅದನ್ನು ತಾಳುವ ಬಗೆಯನ್ನು ಕಲಿಸುವುದು ಎಂಬ ಅವರ ವಿವೇಚನೆ ಮನನೀಯ.

ಗೀರ್ಟ್ಸ್ ಅವರ ವ್ಯಾಖ್ಯೆಗಿಂತಲೂ ಅವರು 1957ರಲ್ಲಿ ಬರೆದ ಒಂದು ಘಟನೆ ಊರು ಬಿಟ್ಟು ನಗರದಲ್ಲಿ ನೆಲಸಿದ ನಮ್ಮಂಥವರಿಗೆ ಹೆಚ್ಚು ಹತ್ತಿರವೆಂದು ತೋರುತ್ತದೆ. ಜಾವಾ ದ್ವೀಪದ ಒಂದು ಸಣ್ಣ ಪಟ್ಟಣದಲ್ಲಿ ಸುಮಾರು ಹತ್ತು ವರ್ಷದ ಬಾಲಕನೊಬ್ಬ ಹಠಾತ್ತನೆ ತೀರಿಕೊಂಡ. ಜಾವಾದ ಪದ್ಧತಿಯಂತೆ ನೆರೆಹೊರೆಯವರೆಲ್ಲ ಕೂಡಿ, ಅಳು ಅಬ್ಬರಗಳಿಲ್ಲದೆ, ಬೇಗನೆ ಶವಸಂಸ್ಕಾರ ಮುಗಿಸಿ, ಸಾಮೂಹಿಕ ಭೋಜನ ನಡೆಸಬೇಕು. ಆದರೆ ಬಾಲಕ ಬೆಳೆಯುತ್ತಿದ್ದ ಮನೆಯವರು ಇಸ್ಲಾಮೀ ಪಕ್ಷಕ್ಕೆ ಎದುರಾದ ಒಂದು ರಾಜಕೀಯ ಪಕ್ಷಕ್ಕೆ ಸೇರಿದವರೆಂಬ ಕಾರಣದಿಂದ ಸಂಸ್ಕಾರ ನಡೆಸಬೇಕಾದ ಧಾರ್ಮಿಕ ಅಧಿಕಾರಿ ಹಿಂದೆ ಸರಿದ. ಸಂಸ್ಕಾರ ತಡವಾಯಿತು. ಶಾಂತವಾಗಿರಬೇಕಾದ ಮನೆಯಲ್ಲಿ ಹೆಂಗಸರ ಗೋಳಾಟ ಎದ್ದಿತು, ಗಂಡಸರು ಏನು ಮಾಡುವುದೆಂದು ತಿಳಿಯದೆ ಕುಳಿತರು. ವಿಧಿಯ ಅರ್ಥ ಹಳ್ಳಿಯ ಕಾಲದ್ದು. ಅದು ಅಕ್ಕಪಕ್ಕದವರೆಲ್ಲ ಒಂದೇ ಎಂದು ಭಾವಿಸುತ್ತದೆ. ಪಟ್ಟಣದ ಜನರ ಸಂಬಂಧಗಳಾದರೋ ಪಕ್ಷ, ಉದ್ಯೋಗ, ವರ್ಗಗಳ ಮೇಲೆ ನಿಂತಿವೆ. ಇವೆರಡೂ ಹೊಂದದ ಕಾರಣ ಹಿಂದೆ ಸಂತೈಸುತ್ತಿದ್ದ ಅದೇ ವಿಧಿ ಆ ದಿನ ಗಾಯವನ್ನು ಕೆರೆಯಿತು. ಧರ್ಮ ಯಾವಾಗಲೂ ಜನರನ್ನು ಒಗ್ಗೂಡಿಸುತ್ತದೆಂಬ ಡರ್ಖೈಮ್ ಪರಂಪರೆಯ ವಾದಕ್ಕೆ ಇದಕ್ಕಿಂತ ತೂಕದ ಉತ್ತರ ನಮಗೆ ತಿಳಿದಿಲ್ಲ.

ಗೀರ್ಟ್ಸ್ ಅವರ ವ್ಯಾಖ್ಯೆಯನ್ನು ಬುಡದಿಂದಲೇ ಪ್ರಶ್ನಿಸಿದವರು ತಲಾಲ್ ಅಸದ್. 1993ರ ತಮ್ಮ ಗ್ರಂಥದಲ್ಲಿ ಅವರು, ಧರ್ಮವನ್ನು ಮನಸ್ಸಿನೊಳಗಿನ ಅರ್ಥ ಹಾಗೂ ನಂಬಿಕೆಯಾಗಿ ಕಾಣುವ ಕ್ರಮವೇ ಸುಧಾರಣೆಯ ಬಳಿಕದ ಯುರೋಪಿನ ಕ್ರೈಸ್ತ ಇತಿಹಾಸದ ಫಲವೆಂದರು. ಮಧ್ಯಯುಗದ ಕ್ರೈಸ್ತ ಮಠಗಳಲ್ಲಿ ಧರ್ಮವೆಂದರೆ ಶಿಸ್ತು, ಉಪವಾಸ, ಪ್ರಾರ್ಥನೆಯ ಅಭ್ಯಾಸ. ದೇಹವನ್ನು ಪಳಗಿಸಿದ ಮೇಲೆ ನಂಬಿಕೆ ಮೂಡುತ್ತಿತ್ತು. ಆದುದರಿಂದ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಹೊಂದುವ ಒಂದೇ ವ್ಯಾಖ್ಯೆ ಇರಲಾರದು; ಯಾರು, ಯಾವ ಅಧಿಕಾರದಿಂದ, ಏನನ್ನು ಧರ್ಮವೆಂದು ಕರೆದರು ಎಂಬುದನ್ನೇ ಅಧ್ಯಯನ ಮಾಡಬೇಕೆಂಬುದು ಅವರ ನಿಲುವು. ಅತಿಮಾನುಷ ಶಕ್ತಿಗಳೊಡನೆ ನಡೆಯುವ ವ್ಯವಹಾರವೆಂಬ ಲಕ್ಷಣವನ್ನು ಬಿಡಲಾಗದೆಂದು ಮೆಲ್ಫರ್ಡ್ ಸ್ಪೈರೊ 1966ರಲ್ಲೇ ವಾದಿಸಿದ್ದರು. ಆ ಪಂಥಕ್ಕೂ ಇಂದಿಗೂ ಬೆಂಬಲಿಗರಿದ್ದಾರೆ.

ನ್ಯಾಯಾಲಯದಲ್ಲಿ, ಜನಗಣತಿಯಲ್ಲಿ

ಈ ಚರ್ಚೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲಿತ್ತು. ಆ ರಾಜ್ಯದ ಧಾರ್ಮಿಕ ದತ್ತಿ ಕಾಯಿದೆಯನ್ನು ಮಠಾಧಿಪತಿಗಳು ಪ್ರಶ್ನಿಸಿದ್ದರು. ದೇವರನ್ನು ಒಪ್ಪದ ಬೌದ್ಧ, ಜೈನ ಧರ್ಮಗಳೂ ಇವೆಯೆಂದು ನೆನಪಿಸಿದ 1954ರ ತೀರ್ಪು, ಧರ್ಮವು ಬರಿಯ ತತ್ತ್ವ ಮತ್ತು ನಂಬಿಕೆಗಳಿಗೆ ಸೀಮಿತವಲ್ಲ, ಪೂಜಾವಿಧಿ ಹಾಗೂ ಆಚರಣೆಗಳು, ಆಹಾರ ಉಡುಪುಗಳ ನಿಯಮಗಳೂ ಅದರ ಅಂಗವಾಗಬಹುದೆಂದಿತು. ಆದರೆ ಯಾವ ಆಚರಣೆ ‘ಅತ್ಯವಶ್ಯಕ’ವೆಂಬುದನ್ನು ಆ ಧರ್ಮದ ಸಿದ್ಧಾಂತಗಳ ಆಧಾರದಿಂದ ನಿರ್ಣಯಿಸಬೇಕೆಂದೂ ಹೇಳಿತು. ಗ್ರಂಥವೂ ಆಚಾರ್ಯರೂ ಉಳ್ಳ ಮಠಕ್ಕೆ ಈ ಅಳತೆಗೋಲು ಹೊಂದುತ್ತದೆ. ಸಿದ್ಧಾಂತವನ್ನು ಎಲ್ಲಿಯೂ ಬರೆದಿಡದ, ನಡೆಯಲ್ಲೇ ಉಳಿಸಿಕೊಂಡು ಬಂದ ಸಮುದಾಯಗಳಿಗೆ ಅದು ಕಷ್ಟದ ಅಳತೆಗೋಲೆಂದು ನಾವು ಭಾವಿಸುತ್ತೇವೆ.

ಅಂಥ ಸಮುದಾಯಗಳ ಪಾಡು ಜನಗಣತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಟೈಲರ್ ಬಳಕೆಗೆ ತಂದ ಪದದಿಂದ ಬಂದ ‘ಅನಿಮಿಸ್ಟ್’ ಎಂಬ ಶೀರ್ಷಿಕೆಯಡಿ 1901, 1911 ಮತ್ತು 1921ರ ಜನಗಣತಿಗಳಲ್ಲಿ ಬುಡಕಟ್ಟಿನ ಲಕ್ಷಾಂತರ ಜನರನ್ನು ಎಣಿಸಲಾಯಿತು. 1931ರಲ್ಲಿ ಅದು ‘ಬುಡಕಟ್ಟು ಧರ್ಮ’ವಾಯಿತು. ಇವರು ‘ಹಿಂದುಳಿದ ಹಿಂದೂಗಳು’ ಎಂದು ಘುರ್ಯೆ 1943ರ ತಮ್ಮ ಪುಸ್ತಕದಲ್ಲಿ ವಾದಿಸಿದರು. 2011ರ ಜನಗಣತಿಯ ನಮೂನೆಯಲ್ಲಿ ಆರು ಧರ್ಮಗಳಿಗೆ ಸಂಕೇತ ಸಂಖ್ಯೆಗಳಿದ್ದವು; ಅವುಗಳಾಚೆಗಿನ ‘ಇತರ ಧರ್ಮಗಳು ಮತ್ತು ಪಂಥಗಳು’ ಎಂಬ ಗುಂಪಿಗೆ ಸೇರಿದವರು ಸುಮಾರು 79 ಲಕ್ಷ ಮಂದಿ. ಅವರಲ್ಲಿ 49 ಲಕ್ಷಕ್ಕೂ ಹೆಚ್ಚು ಜನ ತಮ್ಮ ಧರ್ಮವನ್ನು ‘ಸರ್ನಾ’ ಎಂದು ಬರೆಸಿದ್ದರು. ಸರ್ನಾ ಎಂದರೆ ಛೋಟಾನಾಗಪುರದ ಹಳ್ಳಿಗಳಲ್ಲಿ ಕಡಿಯದೆ ಉಳಿಸಿಕೊಂಡ ಸಾಲವೃಕ್ಷಗಳ ದೇವರ ಬನ. ಸರ್ನಾಕ್ಕೆ ಪ್ರತ್ಯೇಕ ಸಂಕೇತ ಬೇಕೆಂದು ಝಾರ್ಖಂಡ್ ವಿಧಾನಸಭೆ 2020ರ ನವೆಂಬರ್‌ನಲ್ಲಿ ಸರ್ವಾನುಮತದ ನಿರ್ಣಯ ಕೈಗೊಂಡಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಮನೆಯವರು ಯಾವ ಧರ್ಮ ಹೇಳಿದರೂ ಅದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು, ನಿರ್ಣಯಿಸುವ ಹೊಣೆ ಗಣತಿದಾರರದಲ್ಲ ಎಂದು 2011ರಲ್ಲಿ ಅವರಿಗೆ ಕೊಟ್ಟ ಕೈಪಿಡಿಯಲ್ಲಿ ಸೂಚನೆಯಿತ್ತು.